ವೃದ್ಧಾಶ್ರಮದಲ್ಲಿ ಹಿರಿಯರ ಊಟ, ತೂಕ: ಗಮನಿಸುವುದು ಹೇಗೆ?

ಭಾನುವಾರ ಯಲಹಂಕದಿಂದ ಹೊರಟು ಬನಶಂಕರಿಯ ವೃದ್ಧಾಶ್ರಮ ತಲುಪುವ ಹೊತ್ತಿಗೆ ಅಲ್ಲಿ ಊಟ ಮುಗಿದಿರುತ್ತದೆ. "ಊಟ ಆಯಿತೇನಮ್ಮಾ?" ಎಂದರೆ "ಆಯಿತು" ಎಂಬ ಉತ್ತರ ಬರುತ್ತದೆ. ಎಷ್ಟು ತುತ್ತು ಎಂದು ನಾವು ಕೇಳುವುದಿಲ್ಲ. ಬಳೆ ಜಾರುವುದು, ರವಿಕೆ ಸಡಿಲವಾಗುವುದು ಕಣ್ಣಿಗೆ ಬೀಳುವಷ್ಟರಲ್ಲಿ ಕೆಲವು ಕಿಲೋ ಕರಗಿರುತ್ತದೆ. ವಯಸ್ಸಾದ ಮೇಲೆ ಸೊರಗುವುದು ಸಹಜ ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ.

ಸೇರಿದ ದಿನವೇ ತೂಕ ನೋಡಿ ಬರೆಸಿ. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ತೂಗಿದರೆ ಸಾಕು. ಯಂತ್ರ ಬದಲಾಗಬಾರದು. ಶೌಚಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಸ್ವೆಟರ್ ಮತ್ತು ಶಾಲು ತೆಗೆಸಿ ತೂಗಬೇಕು. ನಿಲ್ಲಲಾಗದವರನ್ನು ಗಾಲಿಕುರ್ಚಿಯಲ್ಲೇ ತೂಗುವ ಯಂತ್ರವಿದ್ದರೆ ಕುರ್ಚಿಯ ತೂಕ ಕಳೆಯಿರಿ. ಅದಿಲ್ಲದಿದ್ದರೆ ಮೀನಖಂಡದ ಸುತ್ತಳತೆ ನೋಡಿ. 31 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರಬಹುದು.

ಇನ್ನು ಲೆಕ್ಕ. ಒಂದು ತಿಂಗಳಲ್ಲಿ ಶೇ 5, ಮೂರು ತಿಂಗಳಲ್ಲಿ ಶೇ 7.5, ಆರು ತಿಂಗಳಲ್ಲಿ ಶೇ 10ರಷ್ಟು ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಕಳೆದ ತಿಂಗಳು 52 ಕಿಲೋ ಇದ್ದವರು ಈಗ 49 ಇದ್ದರೆ ಆಗಲೇ ಆ ಗೆರೆ ದಾಟಿದ್ದಾರೆ. ಕಾಲಿನಲ್ಲಿ ಬಾವು ಬಂದಿದ್ದರೆ ಮಾತ್ರ ಸಂಖ್ಯೆಯನ್ನು ನಂಬಬೇಡಿ. ಮೈಯಲ್ಲಿ ನಿಂತ ನೀರು ಇಳಿದ ತೂಕವನ್ನು ಮರೆಮಾಚುತ್ತದೆ.

ತೂಕಕ್ಕಿಂತ ಮೊದಲೇ ಸುಳಿವು ಕೊಡುವುದು ತಟ್ಟೆ. ಮೂರು ದಿನ, ತಟ್ಟೆ ತೊಳೆಯಲು ಹೋಗುವ ಮುನ್ನ, ಪೂರ್ತಿ, ಮುಕ್ಕಾಲು, ಅರ್ಧ, ಕಾಲು ಎಂದು ತಿಂದದ್ದನ್ನು ಬರೆಯಲು ಆರೈಕೆಯವರನ್ನು ಕೇಳಿಕೊಳ್ಳಿ. ಏನು ಉಳಿದಿದೆ ಎಂಬುದೂ ಮುಖ್ಯ. ಚಪಾತಿ, ಪಲ್ಯ ಉಳಿದು ಮೊಸರನ್ನ ಖಾಲಿಯಾಗಿದ್ದರೆ ಮೊದಲು ಬಾಯಿ ನೋಡಿ: ಹಲ್ಲುನೋವೋ, ಸಡಿಲವಾದ ಹಲ್ಲಿನ ಸೆಟ್ಟೋ ಇರಬಹುದು. ಸಾರು, ನೀರು ಕುಡಿದಾಗ ಕೆಮ್ಮು ಬಂದರೆ ನುಂಗುವ ತೊಂದರೆಯಿರಬಹುದು. ಅದನ್ನು ತಡಮಾಡದೆ ತೋರಿಸಿ. ಎಲ್ಲವೂ ಹಾಗೇ ಉಳಿಯುತ್ತಿದ್ದರೆ ಮಲಬದ್ಧತೆ, ಖಿನ್ನತೆ, ಥೈರಾಯ್ಡ್, ಹೊಸದಾಗಿ ಶುರುವಾದ ಮಾತ್ರೆ ಎಲ್ಲವನ್ನೂ ವಿಚಾರಿಸಬೇಕು. ಜೀವಮಾನವಿಡೀ ಮುದ್ದೆ ಉಂಡವರಿಗೆ ರಾತ್ರಿಯ ಒಣ ಚಪಾತಿ ಗಂಟಲಿಗಿಳಿಯದಿರುವುದೂ ಒಂದು ಕಾರಣವೇ. ಅದನ್ನು ಹಟ ಎನ್ನಬಾರದು.

ಹೊಟ್ಟೆಗೆ ಹಿಡಿಸುವುದೇ ಸ್ವಲ್ಪವಾದಾಗ ಪ್ರಮಾಣ ಹೆಚ್ಚಿಸಿ ಒತ್ತಾಯಿಸುವ ಬದಲು ಅಷ್ಟರಲ್ಲೇ ಸತ್ವ ತುಂಬಿಸಿ. ರಾಗಿ ಗಂಜಿಗೆ ಹಾಲಿನ ಪುಡಿ, ಬಿಸಿ ಅನ್ನಕ್ಕೆ ತುಪ್ಪ (ಸಣ್ಣ ಚಮಚಕ್ಕೆ ಸುಮಾರು 45 ಕ್ಯಾಲರಿ), ತಿನ್ನುವವರಿಗೆ ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್) ಕೊಡಿಸಬಹುದು. ಮೂತ್ರಪಿಂಡದ ಕಾಯಿಲೆಯಿದ್ದರೆ ಪ್ರೋಟೀನ್, ಮಧುಮೇಹವಿದ್ದರೆ ಗಂಜಿ ಎಷ್ಟಿರಬೇಕೆಂದು ವೈದ್ಯರನ್ನೇ ಕೇಳಿ.

ಮುಂದಿನ ಭಾನುವಾರ ಒಂದು ಗಂಟೆ ಮೊದಲೇ ಮನೆ ಬಿಡಿ. ತೂಕದ ಪುಸ್ತಕ ತೆಗೆಸಿ ನೋಡಿ, ಆಮೇಲೆ ಅವರ ಪಕ್ಕದಲ್ಲೇ ತಟ್ಟೆ ಹಾಕಿಸಿಕೊಂಡು ಕೂತು ಉಣ್ಣಿ.