ಮ್ಯೂನಿಕ್‌ಗೆ ಹೊಸದಾಗಿ ಬಂದ ವೀಗನ್ ಸಂಸಾರಕ್ಕೆ: ಅರ್ಧ ಗಂಟೆಯ ಅಡುಗೆ

ತುಪ್ಪ, ಮೊಸರು, ಕಾಫಿಗೆ ಹಾಲು. ವೀಗನ್ ಆಗಲು, ಅಂದರೆ ಮಾಂಸವಷ್ಟೇ ಅಲ್ಲ, ಹಾಲು, ಮೊಟ್ಟೆ, ಜೇನು ಸೇರಿ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಡಲು ತೀರ್ಮಾನಿಸಿದ ಕನ್ನಡದ ಮನೆಯಲ್ಲಿ ಬದಲಾಗಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಹುಳಿ, ಸಾರು, ಪಲ್ಯ, ಗೊಜ್ಜು, ಕೋಸಂಬರಿ, ಮುದ್ದೆ, ರೊಟ್ಟಿ ಎಲ್ಲವೂ ಮೇಲೆ ತುಪ್ಪ ಬೀಳದಿದ್ದರೆ ಮೊದಲಿನಿಂದಲೂ ವೀಗನ್ನೇ. ಆದರೂ ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ನಾವೆಲ್ಲ ನೇರ ಹೋಗಿ ನಿಲ್ಲುವುದು ಸೂಪರ್‌ಮಾರ್ಕೆಟ್ಟಿನ ವೀಗನ್ ಸಾಸೇಜು, ವೀಗನ್ ಚೀಸಿನ ಕಪಾಟಿನ ಮುಂದೆ. ದುಡ್ಡು ಕರಗುತ್ತದೆ, ಹೊಟ್ಟೆಗೆ ಉಪ್ಪು ಜಾಸ್ತಿ ಹೋಗುತ್ತದೆ, ಮಕ್ಕಳು ಎರಡು ತುತ್ತು ತಿಂದು ತಟ್ಟೆ ದೂಡುತ್ತಾರೆ. ಈ ತಪ್ಪು ನೀವು ಮಾಡಬೇಡಿ. ನಮ್ಮ ಅಡುಗೆಯನ್ನೇ ಇಲ್ಲಿನ ಒಲೆಗೆ, ಇಲ್ಲಿನ ತರಕಾರಿಗೆ ಒಗ್ಗಿಸಿಕೊಂಡರೆ ಸಾಕು.

ಮೊದಲು ಒಲೆಯ ವಿಷಯ. ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಇರುವುದು ಗಾಜಿನ ತಟ್ಟೆಯ ಸೆರಾನ್ ಒಲೆ ಅಥವಾ ಇಂಡಕ್ಷನ್. ಊರಿನಿಂದ ತಂದ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ತಳಕ್ಕೆ ಆಯಸ್ಕಾಂತ ಅಂಟಿದರೆ ಮಾತ್ರ ಪಾತ್ರೆ ಕೆಲಸಕ್ಕೆ ಬರುತ್ತದೆ. ಸೆರಾನ್ ಒಲೆ ಕಾಯಲೂ ನಿಧಾನ, ಆರಲೂ ನಿಧಾನ. ಒಗ್ಗರಣೆ ಕೆಡುವುದು ಇಲ್ಲೇ. ಸಾಸಿವೆ ಸಿಡಿಯುವ ತನಕ ಎರಡು ಮೂರು ನಿಮಿಷ ಕಾಯಬೇಕು, ಆಮೇಲೆ ಒಲೆ ಆರಿಸಿದರೂ ತಟ್ಟೆಯ ಕಾವಿಗೆ ಇಂಗು, ಒಣಮೆಣಸಿನಕಾಯಿ ಕರಕಲಾಗುತ್ತವೆ. ಸಾಸಿವೆ ಚಟಪಟ ಅಂದ ತಕ್ಷಣ ಪಾತ್ರೆಯನ್ನೇ ಎತ್ತಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಆ ಎಣ್ಣೆಯ ಬಿಸಿಗೇ ಹಾಕಿ. ದುಂಡು ತಳದ ಒಗ್ಗರಣೆ ಸೌಟು ಇದರ ಮೇಲೆ ನಿಲ್ಲುವುದಿಲ್ಲ. 14 ಸೆಂಟಿಮೀಟರಿನ ಚಪ್ಪಟೆ ತಳದ ಪುಟ್ಟ ಪಾತ್ರೆಯೊಂದನ್ನು ಕೊಂಡುಬಿಡಿ. ಮಿಕ್ಸಿ ತರಲು ಹೆದರಬೇಡಿ, ಇಲ್ಲಿಯೂ 230 ವೋಲ್ಟೇ, ಪ್ಲಗ್ ಮಾತ್ರ ಬದಲಿಸಬೇಕು.

ಬವೇರಿಯಾದಲ್ಲಿ ದಿನಸಿ ಅಂಗಡಿಗಳು ರಾತ್ರಿ 8ಕ್ಕೆ ಮುಚ್ಚುತ್ತವೆ, ಭಾನುವಾರ ಬಹುಪಾಲು ತೆರೆಯುವುದೇ ಇಲ್ಲ. "ಕೊತ್ತಂಬರಿ ಮುಗೀತು, ಕೆಳಗೆ ಹೋಗಿ ತರ್ತೀನಿ" ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಭಾನುವಾರ ಮತ್ತು ರಾತ್ರಿ 10ರ ಮೇಲೆ ಸದ್ದು ಮಾಡಬಾರದೆಂಬ ನಿಯಮವೂ ಇದೆ, ಮಿಕ್ಸಿ ತಿರುಗಿಸಿದರೆ ನೆರೆಯವರು ಬಾಗಿಲು ತಟ್ಟುತ್ತಾರೆ. ಹಾಗಾಗಿ ವಾರದ ಅಡುಗೆ ನಿಂತಿರುವುದು ಶನಿವಾರದ ಮೇಲೆ. ಅಂದು ಅರ್ಧ ಕೆಜಿ ತೊಗರಿಬೇಳೆಯನ್ನು ಒಟ್ಟಿಗೆ ಬೇಯಿಸಿ, ಐದು ಪಾಲು ಮಾಡಿ, ಜಿಪ್ ಚೀಲಗಳಲ್ಲಿ ತೆಳ್ಳಗೆ ಹರಡಿ ಫ್ರೀಜರಿಗೆ ಹಾಕಿ. ಡಬ್ಬಿಗಿಂತ ಚೀಲ ಒಳ್ಳೆಯದು, ಇಲ್ಲಿನ ಫ್ರೀಜರ್ ಗೂಡು ಚಿಕ್ಕದು. ಒಂದು ಚೀಲ ನಾಲ್ಕು ಜನರ ಹುಳಿಗೆ ಸರಿಹೋಗುತ್ತದೆ.

ಬೇಳೆ ಬೇಯುತ್ತಿಲ್ಲ ಎಂದು ಅಂಗಡಿಯವರನ್ನು ಬೈಯುವ ಮೊದಲು ನೀರನ್ನು ನೋಡಿ. ಮ್ಯೂನಿಕ್‌ನ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ ಕಾಳಿನ ಗೋಡೆಯನ್ನು ಬಿಗಿ ಮಾಡುತ್ತದೆ. ನೆನೆಸುವ ನೀರಿಗೆ ಚಿಟಿಕೆ ಸೋಡ ಹಾಕಿ, ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಸೋಡ ಅಂದರೆ ಇಲ್ಲಿ 'ನಾಟ್ರೋನ್'. ಪಕ್ಕದಲ್ಲೇ ಇರುವ 'ಬಾಕ್‌ಪುಲ್ವರ್' ಬೇಕಿಂಗ್ ಪೌಡರು, ಅದರಲ್ಲಿ ಹುಳಿಯ ಅಂಶ ಸೇರಿರುವುದರಿಂದ ಇದಕ್ಕೆ ಆಗದು. ಹುಣಸೆಹುಳಿ, ಟೊಮೇಟೊ ಬೇಳೆ ಮೆತ್ತಗಾದ ಮೇಲೆಯೇ. ಮೊದಲೇ ಹಾಕಿದರೆ ಎಷ್ಟು ಸೀಟಿ ಕೂಗಿಸಿದರೂ ಕಾಳು ಕಾಳಾಗಿ ನಿಲ್ಲುತ್ತದೆ.

ಶನಿವಾರ ಏನೂ ಆಗದಿದ್ದರೆ 'ರೋಟೆ ಲಿನ್ಜೆನ್' ಇದೆ, ನಮ್ಮ ಕೆಂಪು ಮಸೂರ್ ಬೇಳೆ. ನೆನೆಸುವುದೂ ಬೇಡ, ಕುಕ್ಕರೂ ಬೇಡ. 200 ಗ್ರಾಂ ಬೇಳೆ, 700 ಮಿ.ಲೀ. ನೀರು, ಕಾಲು ಚಮಚ ಅರಿಶಿನ, ಒಂದು ದೊಡ್ಡ ನವಿಲುಕೋಸು. ನವಿಲುಕೋಸು ಇಲ್ಲಿಯ 'ಕೋಲ್‌ರಾಬಿ', ಮೂಲೆ ಮೂಲೆಯಲ್ಲೂ ಸಿಗುತ್ತದೆ. ಸಿಪ್ಪೆಯ ಕೆಳಗಿನ ನಾರು ಪೂರ್ತಿ ಹೋಗುವಷ್ಟು ದಪ್ಪ ಹೆರೆದು, ಒಂದೂವರೆ ಸೆಂಟಿಮೀಟರಿನ ಹೋಳು ಮಾಡಿ ಬೇಳೆಯ ಜೊತೆಗೇ ಹಾಕಿ; 15 ನಿಮಿಷದಲ್ಲಿ ಎರಡೂ ಬೆಂದಿರುತ್ತವೆ. ಆಮೇಲೆ ಉಪ್ಪು, ಒಂದು ಚಮಚ ಹುಣಸೆ ಪೇಸ್ಟ್, ಒಂದೂವರೆ ದೊಡ್ಡ ಚಮಚ ಹುಳಿಪುಡಿ, ಐದು ನಿಮಿಷ ಕುದಿ. ನವಿಲುಕೋಸಿನ ಎಲೆಗಳನ್ನು ಇಲ್ಲಿನವರು ಅಂಗಡಿಯಲ್ಲೇ ಮುರಿದು ಬಿಟ್ಟು ಬರುತ್ತಾರೆ. ಎಳೆಯದಿದ್ದರೆ ಬಿಡಬೇಡಿ, ಒಳ್ಳೆಯ ಪಲ್ಯವಾಗುತ್ತದೆ. ಮಸೂರ್ ಬೇಳೆಗೆ ತೊಗರಿಯ ಘಮ ಇಲ್ಲ ಅನ್ನುವುದು ನಿಜ. ಫ್ರೀಜರಿನ ತೊಗರಿ ಅರ್ಧ ಚೀಲ ಬೆರೆಸಿದರೆ ಊರಿನ ರುಚಿಗೆ ಬಹಳ ಹತ್ತಿರ ಬರುತ್ತದೆ.

ಇನ್ನು ಪಲ್ಯ. ಬೇಯಿಸಿ ಗಾಳಿ ತೆಗೆದು ಕಟ್ಟಿದ 500 ಗ್ರಾಂ ಬೀಟ್‌ರೂಟ್ ಎಲ್ಲ ಅಂಗಡಿಯಲ್ಲೂ ಇರುತ್ತದೆ, ಹೆಚ್ಚಿ ಒಗ್ಗರಣೆಗೆ ಹಾಕಿದರೆ ಐದು ನಿಮಿಷದ ಕೆಲಸ. ನೀರು ಹಾಕಬೇಡಿ, ಮುಚ್ಚಳ ಮುಚ್ಚಬೇಡಿ, ಮುದ್ದೆಯಾಗುತ್ತದೆ. ಗಾಜಿನ ಸೀಸೆಯಲ್ಲಿರುವುದು ವಿನೆಗರ್ ಸಕ್ಕರೆಯಲ್ಲಿ ಅದ್ದಿಟ್ಟ ಬೀಟ್‌ರೂಟ್, ಅದು ಪಲ್ಯಕ್ಕಲ್ಲ. ಫ್ರೀಜರ್ ಪಾಲಕ್‌ನಲ್ಲಿ 'ಬ್ಲಾಟ್‌ಸ್ಪಿನಾಟ್' ತೆಗೆದುಕೊಳ್ಳಿ; 'ರಾಮ್‌ಸ್ಪಿನಾಟ್' ಅಂದರೆ ಕೆನೆ ಬೆರೆಸಿದ್ದು. ಕೊತ್ತಂಬರಿಯೆಂದು ತಂದದ್ದು ಪಾರ್ಸ್ಲಿ ಆಗಿರುವುದೂ ಇಲ್ಲಿ ಸಾಮಾನ್ಯ, ಒಂದು ಎಲೆ ಉಜ್ಜಿ ಮೂಸಿ ನೋಡಿ ಕೊಳ್ಳಿ. ತೆಂಗಿನಕಾಯಿಗೆ ಬದಲು 'ಕೋಕೋಸ್‌ರಾಸ್ಪೆಲ್', ಅಂದರೆ ಒಣ ಕೊಬ್ಬರಿ ತುರಿ: 50 ಗ್ರಾಮಿಗೆ 100 ಮಿ.ಲೀ. ಬಿಸಿನೀರು ಹಾಕಿ ಹತ್ತು ನಿಮಿಷ ನೆನೆಸಿದ ಮೇಲೆಯೇ ರುಬ್ಬಿ. ಒಣದನ್ನೇ ರುಬ್ಬಿದರೆ ಚಟ್ನಿ ಮರಳು ಮರಳಾಗಿ, ಇಟ್ಟಲ್ಲೇ ನೀರು ಹೀರಿ ಗಟ್ಟಿಯಾಗುತ್ತದೆ.

ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸೆನ್‌ಗ್ರೀಸ್' ತನ್ನಿ, ಅದು ಗಟ್ಟಿ ಗೋಧಿಯ ರವೆ. 'ವೈಶ್‌ವೈಟ್ಸೆನ್‌ಗ್ರೀಸ್' ಮೆದು ಗೋಧಿಯದು, ಎಷ್ಟು ಹುರಿದರೂ ಅಂಟಂಟು. 'ಹಿರ್ಸೆ'ಯನ್ನು ರಾಗಿ ಎಂದು ತಿಳಿದು ತರುವವರಿದ್ದಾರೆ, ಅದು ಬರಗು. ಮುದ್ದೆಗೆ ರಾಗಿಹಿಟ್ಟು ಇಂಡಿಯನ್ ಅಂಗಡಿಯಲ್ಲೇ ಸಿಗಬೇಕು.

ಮೊಸರನ್ನಕ್ಕೆ ಸೋಯಾ ಮೊಸರು. ಪೊಟ್ಟಣದ ಮೇಲೆ 'ಊನ್‌ಗೆಜ್ಯೂಸ್ಟ್' (ಸಿಹಿ ಹಾಕದ್ದು) ಎಂದಿರಬೇಕು, ಸಾದಾ ಎಂದು ಬರೆದವಕ್ಕೂ ಸಕ್ಕರೆ ಹಾಕಿರುತ್ತಾರೆ. ಅನ್ನವನ್ನು ಮಾಮೂಲಿಗಿಂತ ಮೆತ್ತಗೆ ಮಾಡಿ, ಕಿವುಚಿ, ಉಗುರುಬೆಚ್ಚಗಾದ ಮೇಲೆ ಮೊಸರು ಬೆರೆಸಿ. ಬಿಸಿ ಅನ್ನಕ್ಕೆ ಹಾಕಿದರೆ ಒಡೆದು ಸೋಯಾ ವಾಸನೆ ಎದ್ದು ಬರುತ್ತದೆ. ಅರ್ಧ ಚಮಚ ನಿಂಬೆರಸ, ಶುಂಠಿ, ಇಂಗಿನ ಒಗ್ಗರಣೆ ಬಿದ್ದರೆ ಸರಿಹೋಗುತ್ತದೆ. ಮಜ್ಜಿಗೆ ಹುಳಿಗಾದರೆ ಒಂದು ಚಮಚ ಅಕ್ಕಿಹಿಟ್ಟು ಕಲಸಿ, ಕುದಿಯುವ ಮೊದಲೇ ಇಳಿಸಿ.

ಪೊಟ್ಟಣ ಓದುವುದನ್ನು ಕಲಿಯಲೇಬೇಕು. ಯುರೋಪಿನ ನಿಯಮದಂತೆ ಹಾಲು, ಮೊಟ್ಟೆಯಂಥ ಅಲರ್ಜಿ ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಬೇಕು. 'ಮೋಲ್ಕೆ' ಅಂದರೆ ಹಾಲಿನ ತಿಳಿ, 'ಜಾನೆ' ಕೆನೆ, 'ಬುಟರ್‌ರೈನ್‌ಫೆಟ್' ಹೆಚ್ಚುಕಡಿಮೆ ತುಪ್ಪವೇ. ಜೇನು, ಜೆಲಟಿನ್ ಆ ಅಲರ್ಜಿ ಪಟ್ಟಿಗೆ ಸೇರುವುದಿಲ್ಲ, ಹುಡುಕಿಯೇ ನೋಡಬೇಕು. 'ಲಕ್ಟೋಸೆಫ್ರೈ' (ಹಾಲಿನ ಸಕ್ಕರೆ ಇಲ್ಲದ್ದು) ಎಂದಿದ್ದರೆ ವೀಗನ್ ಎಂದಲ್ಲ, ಹೆಚ್ಚಾಗಿ ಅದು ಹಸುವಿನ ಹಾಲೇ. ಊರಿನ ಪೊಟ್ಟಣದ ಹಸಿರು ಚುಕ್ಕೆಯೂ ಸಸ್ಯಾಹಾರದ ಗುರುತು ಮಾತ್ರ. 2017ರಲ್ಲಿ ಯುರೋಪಿನ ನ್ಯಾಯಾಲಯ ಸಸ್ಯಜನ್ಯ ಪದಾರ್ಥಗಳನ್ನು ಹಾಲು ಎಂದು ಮಾರಕೂಡದೆಂದು ತೀರ್ಪು ಕೊಟ್ಟಿದೆ, ಆದ್ದರಿಂದ ಓಟ್ಸ್ ಹಾಲು ಇಲ್ಲಿ 'ಹಾಫರ್‌ಡ್ರಿಂಕ್'. ಕಾಫಿಗೆ 'ಬರಿಸ್ತಾ' ಎಂದಿರುವುದನ್ನೇ ಕೊಳ್ಳಿ, ಡಿಕಾಕ್ಷನ್ನಿಗೆ ಒಡೆಯುವುದಿಲ್ಲ. ಮಕ್ಕಳಿಗೆ ಕೊಡುವುದಾದರೆ 'ಬಯೋ' ಬೇಡ: ಸಾವಯವ ನಿಯಮದ ಪ್ರಕಾರ ಅದಕ್ಕೆ ಕ್ಯಾಲ್ಸಿಯಂ ಸೇರಿಸುವಂತಿಲ್ಲ. 100 ಮಿ.ಲೀ.ಗೆ 120 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ಸೋಯಾ ಡ್ರಿಂಕ್ ಹುಡುಕಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮಗೆ ಬಿ12 ವಿಟಮಿನ್ ಸಿಗುತ್ತಿದ್ದದ್ದು ಹಾಲು ಮೊಸರಿನಿಂದ. ಅದು ನಿಂತ ಮೇಲೆ ಯಾವ ಸೊಪ್ಪೂ, ಯಾವ ಕಾಳೂ ಅದನ್ನು ತುಂಬಿಕೊಡುವುದಿಲ್ಲ. ಕೊರತೆ ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುವುದರಿಂದ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆಗಲೇ ನರಗಳಿಗೆ ಪೆಟ್ಟು ಬಿದ್ದಿರಬಹುದು. ಮಾತ್ರೆ ಮನೆಮಂದಿಗೆಲ್ಲ ಬೇಕು, ಮಕ್ಕಳ ಪ್ರಮಾಣವನ್ನು ಮಕ್ಕಳ ಡಾಕ್ಟರು ಹೇಳಲಿ. ಚಳಿಗಾಲದಲ್ಲಿ ಡಿ ವಿಟಮಿನ್ ಬಗ್ಗೆಯೂ ಕೇಳಿ, ಇಲ್ಲಿನ ಆ ಬಿಸಿಲು ಸಾಲದು. ಉಪ್ಪು ಅಯೋಡಿನ್ ಇರುವ 'ಯೋಡ್‌ಸಾಲ್ಟ್' ಆಗಿರಲಿ. ಕಿಂಡರ್‌ಗಾರ್ಟನ್ನಿನ ಊಟದ ಫಾರ್ಮ್‌ನಲ್ಲಿ ಹಾಲು ಬೇಡ, ಮೊಟ್ಟೆ ಬೇಡ ಎಂದು ಎರಡನ್ನೂ ಬರೆದುಕೊಡಿ, ಅಷ್ಟೇ.

ಮಕ್ಕಳ ಡಬ್ಬಿಯನ್ನು ಅಲ್ಲಿ ಸಾಮಾನ್ಯವಾಗಿ ಬಿಸಿ ಮಾಡಿಕೊಡುವುದಿಲ್ಲ. ಇಡ್ಲಿ ತಣ್ಣಗಾದರೆ ಕಲ್ಲು. ಕಡಲೆಹಿಟ್ಟಿನ ದೋಸೆ ತಣ್ಣಗಾದರೂ ಮೆತ್ತಗಿರುತ್ತದೆ: 150 ಗ್ರಾಂ ಕಡಲೆಹಿಟ್ಟು, 50 ಗ್ರಾಂ ರವೆ, 300 ಮಿ.ಲೀ. ನೀರು, ತುರಿದ ಕ್ಯಾರೆಟ್, ಓಂಕಾಳು; ಹತ್ತು ನಿಮಿಷ ಬಿಟ್ಟು ಹುಯ್ಯಿರಿ. ಕಡಲೆಕಾಯಿ ಬೀಜ ತರಬಾರದು ಎನ್ನುವ ಕಡೆ ಸೂರ್ಯಕಾಂತಿ ಬೀಜವನ್ನು ಹುರಿದು, ಪೂರ್ತಿ ಆರಿಸಿ, ಹುಣಸೆ ಉಪ್ಪಿನ ಜೊತೆ ರುಬ್ಬಿದರೆ ಚಟ್ನಿ ಸಿದ್ಧ. ಬಿಸಿಬೇಳೆಬಾತ್ ಕಳಿಸುವುದಾದರೆ ಥರ್ಮಸ್ಸಿಗೆ ಮೊದಲು ಕುದಿನೀರು ಸುರಿದು ಐದು ನಿಮಿಷ ಇಟ್ಟು, ಚೆಲ್ಲಿ, ಆಮೇಲೆ ತುಂಬಿ. ಡಬ್ಬಿಯ ವಾಸನೆಗೆ ಮಗು ನಾಚಿಕೊಳ್ಳುವ ದಿನ ಬಂದೇ ಬರುತ್ತದೆ. ಆಗ ಇಂಗು ಬೆಳ್ಳುಳ್ಳಿಯನ್ನು ಸಂಜೆಗೆ ಇಟ್ಟುಕೊಳ್ಳಿ, ಊಟವನ್ನೇ ಬದಲಿಸಬೇಡಿ. ಹುಳಿಗೆ ಮಕ್ಕಳು 'ಲಿನ್ಜೆನ್‌ಜುಪ್ಪೆ' (ಬೇಳೆ ಸೂಪು) ಅನ್ನತೊಡಗುತ್ತಾರೆ. ತಿದ್ದಬೇಕೆಂದಿಲ್ಲ, ಬಡಿಸುವಾಗ ನೀವು "ಹುಳಿ ಹಾಕ್ಲಾ ಮರಿ?" ಅಂತಲೇ ಕೇಳುತ್ತಿರಿ. ಹೆಸರು ಕಿವಿಯಲ್ಲಿ ಉಳಿಯುವುದು ಹಾಗೆ.

ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ ನೆನಪಾಗಿ ಮನಸ್ಸು ತಡೆಯುವುದಿಲ್ಲ. ಫ್ರೀಜರ್ ಕಪಾಟಿನಲ್ಲಿ 'ಡಿಕೆ ಬೋನೆನ್' ಎಂದಿರುತ್ತದೆ. ಬೇರೆ ಜಾತಿಯ ಕಾಳು, ಆದರೆ ಹಿತುಕಲು ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ (ರಕ್ತದ ಕೆಂಪುಕಣಗಳಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ತೊಂದರೆ) ಇದ್ದರೆ ಈ ಕಾಳನ್ನು ಮುಟ್ಟಲೇಬಾರದು. ಉಳಿದವರು ಕುದಿನೀರಿಗೆ ಎರಡು ನಿಮಿಷ ಹಾಕಿ, ತಣ್ಣೀರಿಗೆ ತೆಗೆದು, ಒಂದು ತುದಿಗೆ ಉಗುರು ಕೊಟ್ಟು ಒತ್ತಿ. ಬೂದು ಸಿಪ್ಪೆ ಕೈಯಲ್ಲಿ ಉಳಿದು ಎಳೆಹಸಿರು ಬೇಳೆ ಬಟ್ಟಲಿಗೆ ಜಿಗಿಯುತ್ತದೆ, ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ. ಅರ್ಧ ಕೆಜಿ ಹಿತುಕಲು ನಾಲ್ಕು ಕೈಗೆ ಇಪ್ಪತ್ತು ನಿಮಿಷ ಬೇಕು. ಸಾರಿಗೆ ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ, ಕೊತ್ತಂಬರಿ ರುಬ್ಬಿ ಹಾಕಿ. ಬೇಳೆ ಎಂಟು ನಿಮಿಷದಲ್ಲಿ ಬೇಯುತ್ತದೆ. ಸೊಗಡು ಮಾತ್ರ ಬರುವುದಿಲ್ಲ.