ಆರಡಿ ಕ್ಯಾನ್ವಾಸಲ್ಲಿ ಜಟಾಯು: ಶುರು ಮಾಡುದು ಹೇಗೆ?

ಕ್ಯಾನ್ವಾಸ್ ತಂದ ಕೂಡ್ಲೆ ಬ್ರಷ್ ಹಿಡಿಬೇಡಿ ಮಾರಾಯ್ರೆ. ಮೊದ್ಲು ಯಾವ ಗಳಿಗೆ ಅಂತ ನಿರ್ಧಾರ ಆಗ್ಬೇಕು, ರಾವಣ ಕತ್ತಿ ಎತ್ತಿದ್ದಾ, ರೆಕ್ಕೆ ತುಂಡಾಗಿ ಬಿದ್ದದ್ದಾ, ನನ್ನ ಕೇಳಿದ್ರೆ ಎತ್ತಿದ್ದೇ ಚಂದ, ಮುಂದೆ ಎಂತ ಆಗ್ತದೆ ಅಂತ ನೋಡುವವ್ರಿಗೆ ಹೇಗೂ ಗೊತ್ತುಂಟು. ಪೋಸಿಗೆ ಯಕ್ಷಗಾನ ನೋಡಿ, ಆದ್ರೆ ವೇಷದೊಳಗೆ ಮೈಕಟ್ಟು ಕಾಣುದಿಲ್ಲ, ಅದಕ್ಕೆ ದೋಸ್ತಿಯನ್ನೇ ನಿಲ್ಸಿ ಒಂದೇ ಕಡೆಯಿಂದ ಲೈಟ್ ಬಿಟ್ಟು ಸ್ಕೆಚ್ ಮಾಡಿ. ರೆಕ್ಕೆಗೆ ಮಲ್ಪೆ ಬಂದರಲ್ಲಿ ಮೀನಿಗೆ ಸುತ್ತುವ ಗರುಡ ಸಾಕು. ದೊಡ್ಡ ಚಿತ್ರದಲ್ಲಿ ಜನರನ್ನು ಕೂರ್ಸುದು ಹೇಗೆ ಅಂತ ಮಂಗಳೂರಿನ ಅಲೋಶಿಯಸ್ ಚಾಪೆಲಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಬಿಡಿಸಿದ್ದು ಒಮ್ಮೆ ನೋಡಿ ಬನ್ನಿ.

ಸ್ಕೆಚ್ 12 ಇಂಚು ಅಗಲ 8 ಇಂಚು ಎತ್ತರ ಇದ್ರೆ ಅದ್ರ ಮೇಲೆ 1 ಇಂಚಿನ ಚೌಕ ಎಳೆದು, 6 ಅಡಿ 4 ಅಡಿ ಕ್ಯಾನ್ವಾಸಲ್ಲಿ 6 ಇಂಚಿನ ಚೌಕ ಮಾಡಿ ಚೌಕಕ್ಕೆ ಚೌಕ ನೋಡಿ ಚಾರ್ಕೋಲಲ್ಲಿ ಇಳಿಸಿ. ಆಗಾಗ ಹಿಂದೆ ಹೋಗಿ ನೋಡಿ, ನಾನು ಹೋಗದೆ ರಾವಣನ ಕೈ ಮೊಣಕಾಲು ದಾಟಿತ್ತು!

ಮತ್ತೆ ಬರ್ಂಟ್ ಅಂಬರ್ ಅಂತ ಕಡು ಕಂದು ಎಣ್ಣೆಬಣ್ಣಕ್ಕೆ ಟರ್ಪೆಂಟೈನ್ ಸೇರ್ಸಿ ತೆಳ್ಳಗೆ ನೆರಳು ಮಾತ್ರ. ಎಣ್ಣೆ ಹೆಚ್ಚಿದ್ದು ಮೇಲಿನ ಪದರಕ್ಕೆ, ಅಡಿಗೆ ಹಾಕಿದ್ರೆ ಬಿರುಕು ಬಿಡ್ತದೆ. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡ್ಬೇಡಿ, ಹಿಂದಿಂದ ಬೂಷ್ಟು ಹಿಡಿತದೆ.