ಹಳೇ ಎಂಆರ್2 ಕೊಳ್ಳುವ ಮುಂಚೆ ಕಾರಿನ ಕೆಳಗೆ ಮಲಗಿ ನೋಡಿ

ಬಾನೆಟ್ ಎತ್ತಿದರೆ ಎಂಜಿನ್ ಇಲ್ಲ, ಸ್ಟೆಪ್ನಿ ಮಲಗಿದೆ. ಹಾಗಾದರೆ ಎಂಜಿನ್ ಎಲ್ಲಿ? ನಿಮ್ಮ ಸೀಟಿನ ಬೆನ್ನಿಗೆ ಒತ್ತಿಕೊಂಡು, ಹಿಂದಿನ ಚಕ್ರಗಳಿಗಿಂತ ಸ್ವಲ್ಪ ಮುಂದೆ, ಒಂದು ಸಣ್ಣ ಮುಚ್ಚಳದ ಕೆಳಗೆ ಅಡ್ಡಡ್ಡಲಾಗಿ ತುರುಕಿಕೊಂಡು ಕೂತಿದೆ. ಇದೇ ಮಿಡ್-ಎಂಜಿನ್ ಕಾರು. ಫೆರಾರಿ, ಲಾಂಬೋರ್ಗಿನಿಗಳ ಜಾತಿ. ಆ ಜಾತಿಯಲ್ಲೇ ನಮ್ಮಂಥವರ ಕೈಗೆಟುಕುವ ಒಂದು ಕಾರಿದೆ, ಟೊಯೊಟಾ ಎಂಆರ್2.

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ನಮ್ಮ ಹುಡುಗರು ಒಂದೆರಡು ವರ್ಷ ಆದ ಮೇಲೆ ಕೇಳುತ್ತಾರೆ, "ಅಣ್ಣ, ವೀಕೆಂಡಿಗೆ ಅಂತ ಒಂದು ಹಳೇ ಎಂಆರ್2 ನೋಡಿದೀನಿ, ತಗೊಳ್ಳಲಾ?" ತಗೊಳ್ಳಿ. ಆದರೆ ಬಿಡದಿಯಲ್ಲಿ ತಯಾರಾದ ಇನ್ನೋವಾ ನೋಡಿಕೊಂಡು ಬೆಳೆದವರಿಗೆ ಟೊಯೊಟಾ ಅಂದರೆ ಕೆಡದ ಗಾಡಿ ಎಂಬ ನಂಬಿಕೆ ಇರುತ್ತದಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಇದು ಇಪ್ಪತ್ತರಿಂದ ನಲವತ್ತು ವರ್ಷ ಹಳೆಯ ಕಾರು. ನಾಲ್ಕೈದು ಕೈ ಬದಲಾಗಿರುತ್ತದೆ. ಎಂಜಿನ್ ಕಣ್ಣಿಗೆ ಕಾಣದ ಜಾಗದಲ್ಲಿರುವುದರಿಂದ ಅದನ್ನು ನೋಡಿಕೊಳ್ಳದೆ ಓಡಿಸಿದವರೇ ಜಾಸ್ತಿ.

ಮೂರರಲ್ಲಿ ಯಾವುದು?

ಎಂಆರ್2 ಮೂರು ತಲೆಮಾರುಗಳಲ್ಲಿ ಬಂದಿದೆ. ಮೊದಲನೆಯದು 1984ರಲ್ಲಿ ಜಪಾನಿನಲ್ಲಿ ಬಂತು, ಮರುವರ್ಷ ಬ್ರಿಟನ್ನಿಗೆ. ಕಾಗದ ಮಡಚಿ ಮಾಡಿದಂಥ ಚೂಪು ಚೂಪು ಆಕಾರ, 1.6 ಲೀಟರ್ ಎಂಜಿನ್, ಹೆಚ್ಚುಕಡಿಮೆ ಒಂದು ಟನ್ ತೂಕ. 1989ರವರೆಗೆ ತಯಾರಾಯಿತು. ಎರಡನೆಯದು 1989ರಿಂದ 1999ರವರೆಗೆ, ದೂರದಿಂದ ನೋಡಿದರೆ ಫೆರಾರಿಯ ತಮ್ಮನಂತೆ ಕಾಣುತ್ತದೆ, ಎರಡು ಲೀಟರ್ ಎಂಜಿನ್. ಇದರ ಟರ್ಬೊ ಮಾದರಿಯನ್ನು ಕಂಪನಿ ಬ್ರಿಟನ್ನಿನಲ್ಲಿ ಮಾರಲೇ ಇಲ್ಲ. ಹಾಗಾಗಿ ಇಲ್ಲಿ ಟರ್ಬೊ ಸಿಕ್ಕರೆ ಅದು ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಅಂತಲೇ ಲೆಕ್ಕ. ಮೂರನೆಯದು 1999ರಿಂದ 2007ರವರೆಗೆ ಬಂದ ಬಟ್ಟೆ ಟಾಪಿನ ಓಪನ್ ಕಾರು, 1.8 ಲೀಟರ್, 138 ಅಶ್ವಶಕ್ತಿ. (ಫ್ರಾನ್ಸಿನಲ್ಲಿ ಇದಕ್ಕೆ ಬರೀ ಎಂಆರ್ ಅಂತ ಹೆಸರು. ಎಂಆರ್2 ಅಂತ ಫ್ರೆಂಚಿನಲ್ಲಿ ಓದಿದರೆ ಅವರ ಒಂದು ಹೊಲಸು ಬೈಗುಳದ ಹಾಗೆ ಕೇಳಿಸುತ್ತದಂತೆ.)

ನನ್ನ ಮಾತು ಕೇಳುವುದಾದರೆ, ಮೊದಲ ಸಲ ಕೊಳ್ಳುವವರಿಗೆ ಮೂರನೆಯದೇ ಸರಿ, ಅದರಲ್ಲೂ 2003 ಅಥವಾ ಆಮೇಲಿನದು. ಕಾರಣ ಮುಂದೆ ಹೇಳುತ್ತೇನೆ. ಒಂದೇ ತೊಂದರೆ, ಡಿಕ್ಕಿ ಇಲ್ಲ. ಸೀಟಿನ ಹಿಂದೆ ಸಣ್ಣ ಬೀರುವಿನಂಥ ಜಾಗ ಇದೆ. ಮುಂದೆ ಸ್ಟೆಪ್ನಿ ಪಕ್ಕ ಒಂದು ತೊಗರಿಬೇಳೆ ಪ್ಯಾಕೆಟ್ ಇಡಬಹುದು, ಅಷ್ಟೇ.

ಕಾರು ನೋಡಲು ಹೋಗುವ ಮುಂಚೆ

ಬ್ರಿಟನ್ನಿನಲ್ಲಿ ಒಂದು ಭಾಗ್ಯ ಇದೆ. ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ, ಅಂದರೆ ರಸ್ತೆಗೆ ಇಳಿಸಲು ಯೋಗ್ಯವಾ ಅನ್ನುವ ತಪಾಸಣೆ, ಆಗಬೇಕು. ಆ ಪರೀಕ್ಷೆಗಳ ಚರಿತ್ರೆ 2005ರಿಂದ ಈಚೆಗೆ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಸಾಕು. ಸುಮ್ನೆ ಪಾಸ್, ಫೇಲ್ ನೋಡಿ ಮುಚ್ಚಬೇಡಿ, 'ಅಡ್ವೈಸರಿ' (ಮುಂದೆ ಕೆಡಬಹುದು ಅನ್ನುವ ಎಚ್ಚರಿಕೆ) ಸಾಲುಗಳನ್ನು ಕಾದಂಬರಿ ಓದಿದ ಹಾಗೆ ಮೊದಲಿಂದ ಓದಿ. ಒಂದು ವರ್ಷ 'ಹಿಂದಿನ ಭಾಗದಲ್ಲಿ ಸ್ವಲ್ಪ ತುಕ್ಕು' ಅಂತ ಬರೆದಿರುತ್ತಾರೆ, ಮರುವರ್ಷ 'ತುಕ್ಕು ಜಾಸ್ತಿಯಾಗಿದೆ' ಅಂತ, ಅದರ ಮರುವರ್ಷ ಆ ಸಾಲೇ ಇರುವುದಿಲ್ಲ. ಏನಾಯಿತು? ಒಂದೋ ಸರಿಯಾಗಿ ವೆಲ್ಡಿಂಗ್ ಮಾಡಿಸಿದ್ದಾರೆ, ಇಲ್ಲವೇ ಮೇಲೆ ಕರಿ ಬಣ್ಣ ಬಳಿದಿದ್ದಾರೆ. ವೆಲ್ಡಿಂಗ್ ಮಾಡಿಸಿದ್ದರೆ ಬಿಲ್ ತೋರಿಸಿ ಅನ್ನಿ.

ಪ್ರತಿ ಪರೀಕ್ಷೆಯಲ್ಲೂ ಮೈಲಿ ಬರೆದಿರುತ್ತಾರೆ, ಅದು ಹಿಂದಕ್ಕೆ ಹೋಗಿದೆಯಾ ನೋಡಿ. ನಡುವೆ ನಾಲ್ಕು ವರ್ಷ ಪರೀಕ್ಷೆಯೇ ಇಲ್ಲ ಅಂದರೆ ಕಾರು ಎಲ್ಲೋ ನಿಂತಿತ್ತು ಅಂತ ಅರ್ಥ. ನಿಂತ ಕಾರು ಓಡಿದ ಕಾರಿಗಿಂತ ಜಾಸ್ತಿ ಕೆಡುತ್ತದೆ.

ಲಂಡನ್ನಿನಲ್ಲಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. 2023ರ ಆಗಸ್ಟಿನಿಂದ ಲಂಡನ್ನಿನ ಎಲ್ಲ ಬರೋಗಳಲ್ಲೂ, ಅಂದರೆ ಇಡೀ ನಗರದಲ್ಲಿ, ಯೂರೋ 4 ಎಂಬ ಹೊಗೆ ನಿಯಮದ ಮಟ್ಟ ಮುಟ್ಟದ ಪೆಟ್ರೋಲ್ ಕಾರಿಗೆ ಓಡಿಸಿದ ದಿನಕ್ಕೆ 12.50 ಪೌಂಡ್ ಶುಲ್ಕ. ಹೊಸ ಎಂಆರ್2ಗಳಲ್ಲಿ ಕೆಲವು ಪಾಸಾಗುತ್ತವೆ, ಎರಡನೇ ತಲೆಮಾರಿಗೆ ಸಾಮಾನ್ಯವಾಗಿ ಆ ಅದೃಷ್ಟ ಇಲ್ಲ. ತಮಾಷೆ ಅಂದರೆ ನಲವತ್ತು ವರ್ಷ ದಾಟಿ 'ಹಿಸ್ಟಾರಿಕ್' ಅಂತ ದಾಖಲಾದ ಕಾರಿಗೆ ಈ ಶುಲ್ಕವೂ ಇಲ್ಲ, ರೋಡ್ ಟ್ಯಾಕ್ಸೂ ಇಲ್ಲ. ಮೊದಲ ತಲೆಮಾರಿನ ಎಂಆರ್2ಗಳು ಈಗ ಒಂದೊಂದಾಗಿ ಆ ಗೆರೆ ದಾಟುತ್ತಿವೆ.

ತುಕ್ಕು, ತುಕ್ಕು, ಆಮೇಲೆ ಎಂಜಿನ್

ಎಲ್ಲರೂ ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ತಪ್ಪು. ಎಂಆರ್2ನ ಎಂಜಿನ್‌ಗಳು ಕೊರೋಲಾ, ಸೆಲಿಕಾ ಮುಂತಾದ ಮಾಮೂಲಿ ಟೊಯೊಟಾಗಳಲ್ಲೂ ಬಂದ ಕುಟುಂಬದವು, ಒಂದು ಹೋದರೆ ಹುಡುಕಿ ಇನ್ನೊಂದು ಹಾಕಿಸಬಹುದು. ಬಾಡಿ ಹೋದರೆ ಕಾರೇ ಹೋಯಿತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಈ ಕಾರುಗಳು ಇಪ್ಪತ್ತು ಮೂವತ್ತು ಚಳಿಗಾಲ ಉಪ್ಪು ತಿಂದಿವೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿಗೆ ಹಚ್ಚಿದ ಬಣ್ಣ ನೋಡುವುದಿಲ್ಲ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಇಲ್ಲಿ ಹಲ್ಲು ಅಂದರೆ ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಸ್ಟೆಪ್ನಿ ಕೂತಿರುವ ಮುಂದಿನ ತಳ. ಸ್ಟೆಪ್ನಿ ಎತ್ತಿ ಕೆಳಗೆ ಕೈ ಹಾಕಿ. ಮೂರನೇ ತಲೆಮಾರಿನಲ್ಲಿ ಮೇಲೆ ಏನೂ ಕಾಣುವುದಿಲ್ಲ, ಅಡಿಯಲ್ಲಿ ಹಿಂದಿನ ಸಬ್‌ಫ್ರೇಮ್ ತಿಂದುಹೋಗಿರುತ್ತದೆ. ಅದು ಎಂಜಿನ್ನಿನ ಕೆಳಗಿನ, ಸಸ್ಪೆನ್ಶನ್ ಹಿಡಿದಿರುವ ಭಾಗ, ಆಟದ ಸಾಮಾನಲ್ಲ. ಮಂಡಿಯೂರಿದರೆ ಸಾಲದು, ಬೆನ್ನ ಮೇಲೆ ಮಲಗಿ ಟಾರ್ಚ್ ಬಿಡಬೇಕು. ಇನ್ನೂ ಒಳ್ಳೆಯದು ಅಂದರೆ ಹತ್ತಿರದ ಯಾವುದಾದರೂ ಗ್ಯಾರೇಜಿಗೆ ಒಂದು ಗಂಟೆಯ ಕೂಲಿ ಕೊಟ್ಟು ಲಿಫ್ಟ್ ಮೇಲೆ ಎತ್ತಿಸಿ ನೋಡುವುದು. ಮಾರುವವರು ಅದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ.

ನಾನು ಒಮ್ಮೆ ಕೆಂಪು ಬಣ್ಣದ, ಫಳಫಳ ಹೊಳೆಯುವ ಒಂದು ಎರಡನೇ ತಲೆಮಾರಿನ ಕಾರು ನೋಡಲು ಹೋಗಿದ್ದೆ. ಸಿಲ್ ಮೇಲೆ ಹೊಸದಾಗಿ ಕರಿ ಬಣ್ಣ ಹೊಡೆದಿತ್ತು. ತುಕ್ಕು ಹಿಡಿಯದಿರಲಿ ಅಂತ ಹೊಡೆಸಿದ್ದು ಅಂದರು. ಹೆಬ್ಬೆರಳಿನಿಂದ ಒತ್ತಿದೆ. ಹಪ್ಪಳ ಮುರಿದ ಸದ್ದು. ಅವರೂ ನಾನೂ ಒಂದು ಕ್ಷಣ ಸುಮ್ಮನೆ ನಿಂತೆವು, ಆಮೇಲೆ ಅವರು ಟೀ ಕುಡೀತೀರಾ ಅಂತ ಕೇಳಿದರು. ಮೇಲೆ ಥಳುಕು, ಒಳಗೆ ಹುಳುಕು. ಅಂದಿನಿಂದ ಜೇಬಿನಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗುತ್ತೇನೆ. ಬಣ್ಣಕ್ಕೆ ಗೀರಾಗದಂತೆ ಕರ್ಚೀಫಿನಲ್ಲಿ ಸುತ್ತಿ ಹಿಂದಿನ ಕಮಾನಿನ ಮೇಲೆ ಆಡಿಸಬೇಕು. ಅಂಟಲಿಲ್ಲ ಅಂದರೆ ಒಳಗಿರುವುದು ತಗಡಲ್ಲ, ಪುಟ್ಟಿ.

ನೀರು ಹೋಗುವ ದಾರಿ

ರೇಡಿಯೇಟರ್ ಮೂತಿಯಲ್ಲಿದೆ, ಎಂಜಿನ್ ಬೆನ್ನಲ್ಲಿದೆ. ಹಾಗಾಗಿ ಎಂಜಿನ್ ತಣ್ಣಗಿಡುವ ಕೂಲೆಂಟ್ ನೀರು ಕಾರಿನ ಹೊಟ್ಟೆಯ ಕೆಳಗೆ ಉದ್ದದ ಪೈಪುಗಳಲ್ಲಿ ಹೋಗಿ ಬರಬೇಕು. ಮಿಡ್-ಎಂಜಿನ್ ಕಾರಿನ ತಲೆನೋವು ಇರುವುದೇ ಇಲ್ಲಿ. ಪೈಪ್ ತುಕ್ಕು ಹಿಡಿದು ತೂತಾಗಬಹುದು, ಜ್ಯಾಕ್ ತಪ್ಪಾಗಿ ಕೊಟ್ಟು ಜಜ್ಜಿರಬಹುದು. ಅದಕ್ಕಿಂತ ಸಾಮಾನ್ಯ ಅಂದರೆ ಕೂಲೆಂಟ್ ಬದಲಿಸಿದವರು ಒಳಗಿನ ಗಾಳಿಯನ್ನು ಪೂರ್ತಿ ತೆಗೆದಿರುವುದಿಲ್ಲ. ಇಷ್ಟು ಉದ್ದದ ದಾರಿಯಲ್ಲಿ ಗಾಳಿಯ ಗುಳ್ಳೆ ಎಲ್ಲಾದರೂ ಸಿಕ್ಕಿಕೊಂಡರೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯ ಕೆಳಗಿನ ಸೀಲ್) ಹೋಗುತ್ತದೆ.

ಪರೀಕ್ಷೆ ಸುಲಭ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಹಿಂದಿನ ಮುಚ್ಚಳ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಇಪ್ಪತ್ತು ನಿಮಿಷ ಓಡಿಸಿ. ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದು ನಿಂತು ಅಲ್ಲೇ ಇರಬೇಕು. ಎಂಜಿನ್ ಬಿಸಿ, ಹೀಟರಿನಿಂದ ಬರುವ ಗಾಳಿ ತಣ್ಣಗೆ ಅಂದರೆ ಒಳಗೆ ಗಾಳಿ ಸೇರಿದೆ ಅಂತ ಅನುಮಾನಪಡಿ. ಒಳಗೆ ಸಿಹಿ ಸಿಹಿ ವಾಸನೆ ಬಂದರೆ ಅದು ಸೋರುವ ಕೂಲೆಂಟ್. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆ ಕಡೆದಂತೆ ಬಿಳಿ ನೊರೆ ಇದ್ದರೆ ತಕ್ಷಣ ಓಡಬೇಡಿ, ಬರೀ ಅಂಗಡಿಗೆ ಹೋಗಿ ಬಂದು ಮಾಡುವ ಕಾರಿನಲ್ಲೂ ಅದು ಬರುತ್ತದೆ. ಆದರೆ ಕೂಲೆಂಟ್ ಮಟ್ಟವೂ ಇಳಿದಿದ್ದರೆ ಮಾತ್ರ ಓಡಿ.

ಎರಡನೇ ತಲೆಮಾರಿನ ಟರ್ಬೊದಲ್ಲಿ ಎಂಜಿನ್ನಿಗೂ ಸೀಟಿನ ಹಿಂದಿನ ಗೋಡೆಗೂ ನಡುವೆ ಕೈ ತೂರದ ಜಾಗದಲ್ಲಿ ಒಂದು ರಬ್ಬರ್ ಹೋಸ್ ಇದೆ. ಮಾಲೀಕರೆಲ್ಲ ಅದಕ್ಕೆ ಇಟ್ಟಿರುವ ಹೆಸರು 'ನರಕದ ಹೋಸ್'. ಹೋಸಿನ ಬೆಲೆ ಏನೂ ಅಲ್ಲ, ಬದಲಿಸುವ ಕೂಲಿಯೇ ನರಕ. ಬದಲಿಸಿದ್ದೀರಾ ಅಂತ ಕೇಳಿ. ಮಾರುವವರು ನಕ್ಕು ಬಿಲ್ ತೆಗೆದು ತೋರಿಸಿದರೆ ಕಾರಿನ ಬಗ್ಗೆ ತಿಳಿದವರು. ಯಾವ ಹೋಸ್ ಅಂದರೆ, ಸರಿ, ಗೊತ್ತಾಯಿತಲ್ಲ.

ಎಂಜಿನ್

ಮೊದಲ ಎರಡು ತಲೆಮಾರಿನಲ್ಲಿ ಟೈಮಿಂಗ್ ಬೆಲ್ಟ್. ಸುಮಾರು 60,000 ಮೈಲಿಗೆ ಬದಲಿಸಬೇಕು, ಕಾರು ಓಡದಿದ್ದರೂ ವರ್ಷಗಳ ಲೆಕ್ಕದಲ್ಲಿ ಬದಲಿಸಬೇಕು. ಮೂರನೆಯದರಲ್ಲಿ ಚೈನ್, ಆ ಚಿಂತೆ ಇಲ್ಲ.

ಆದರೆ ಮೂರನೆಯದಕ್ಕೆ ಅದರದ್ದೇ ಕಾಯಿಲೆ. ಮೊದಲ ವರ್ಷಗಳ ಎಂಜಿನ್ನಿನಲ್ಲಿ ಪಿಸ್ಟನ್ನಿನಿಂದ ಆಯಿಲ್ ವಾಪಸ್ ಇಳಿಯುವ ತೂತುಗಳು ಕಡಿಮೆ, ರಿಂಗ್ ಕಚ್ಚಿಕೊಂಡು ಎಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಉರಿದ ಆಯಿಲ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿರುವ ಎರಡು ಸಣ್ಣ ಪ್ರಿ-ಕ್ಯಾಟ್‌ಗಳನ್ನು (ಹೊಗೆ ಶುದ್ಧ ಮಾಡುವ ಸಾಧನಗಳನ್ನು) ಹಾಳು ಮಾಡುತ್ತದೆ. ಅವುಗಳ ಒಳಗಿನ ಪಿಂಗಾಣಿ ಪುಡಿಯಾಗಿ ಎಂಜಿನ್ನಿನೊಳಕ್ಕೇ ವಾಪಸ್ ಸೆಳೆದುಕೊಂಡರೆ ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜಿಹಾಕುತ್ತದೆ. ಆಮೇಲೆ ಇನ್ನೂ ಜಾಸ್ತಿ ಆಯಿಲ್ ಉರಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಪಿಸ್ಟನ್ ಸುಧಾರಿಸಿದರು, ನಾನು 2003ರ ಈಚೆಗಿನದು ನೋಡಿ ಅಂದದ್ದು ಇದಕ್ಕೇ. ನೋಡುವ ದಾರಿ ಹೀಗೆ: ಮಾಲೀಕರ ಒಪ್ಪಿಗೆ ಪಡೆದು, ಎಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡಿನ ಎರಡು ಆಕ್ಸಿಜನ್ ಸೆನ್ಸರ್ ಬಿಚ್ಚಿಸಿ, ತೂತಿನೊಳಗೆ ಟಾರ್ಚ್ ಬಿಡಿ. ಜೇನುಗೂಡಿನಂತೆ ಇಡಿಯಾಗಿ ಕಂಡರೆ ಸರಿ. ಖಾಲಿ ಇದ್ದರೆ ಯಾರಾದರೂ ಬೇಕಂತಲೇ ತೆಗೆಸಿದ್ದಾ, ಇಲ್ಲ ಅದೇ ಪುಡಿಯಾಗಿ ಹೋಗಿದ್ದಾ ಅಂತ ಬಿಲ್ ಕೇಳಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ತಳದಲ್ಲಿದ್ದರೆ ಕಾರು ನೋಡಿಕೊಂಡ ರೀತಿ ಅಲ್ಲೇ ಗೊತ್ತಾಗುತ್ತದೆ.

ಎಂಜಿನ್ ಬದಲಿಸಿದ್ದರೆ, ಟರ್ಬೊದ ಬೂಸ್ಟ್ (ಗಾಳಿಯ ಒತ್ತಡ) ಏರಿಸಿದ್ದರೆ ಇನ್ಶೂರೆನ್ಸಿನವರಿಗೆ ಹೇಳಲೇಬೇಕು. ಹೇಳದಿದ್ದರೆ ಕ್ಲೇಮ್ ಸಿಗದೇ ಹೋಗಬಹುದು.

ಓಡಿಸಿ ನೋಡುವಾಗ

ಮೊದಲ ತಲೆಮಾರಿನಲ್ಲಿ ಐದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ಗೇರ್ ತಾನಾಗೇ ಜಾರಿ ಹೊರಬಂದರೆ ಅದು ಗೇರ್‌ಬಾಕ್ಸಿನ ಹೆಸರಾಂತ ರೋಗ. ಟರ್ಬೊದಲ್ಲಿ ಎರಡನೇ ಗೇರ್ ಕರಕರ ಅನ್ನುತ್ತದಾ ಕೇಳಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟು ಕಾರು ಸಲೀಸಾಗಿ ಉರುಳುತ್ತದಾ ನೋಡಿ, ಹಿಂದಿನ ಬ್ರೇಕ್ ಕ್ಯಾಲಿಪರ್ ಕಚ್ಚಿಕೊಳ್ಳುವುದು ಸಾಮಾನ್ಯ. ಕ್ಲಚ್ ಪೆಡಲ್ ಇಲ್ಲದ ಎಸ್‌ಎಂಟಿ ಗೇರ್‌ಬಾಕ್ಸ್ ಇರುವ ಮೂರನೇ ತಲೆಮಾರಿನ ಕಾರು ಅಗ್ಗಕ್ಕೆ ಸಿಕ್ಕರೂ ನಾನಾದರೆ ಕೊಳ್ಳುವುದಿಲ್ಲ.

ಇನ್ನು ತಿರುವಿನ ಕತೆ. ಈ ಕಾರುಗಳಲ್ಲಿ ತೂಕ ಹಿಂದೆ ಜಾಸ್ತಿ, ಎರಡನೆಯದರಲ್ಲಿ ಸುಮಾರು 42:58. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ತೂಕ ಮುಂದಕ್ಕೆ ವಾಲಿ, ಹಿಂದಿನ ಟೈರ್ ಹಗುರಾಗಿ, ಕಾರು ಬುಗುರಿ ತಿರುಗುತ್ತದೆ. ಶುರುವಿನ ಎರಡನೇ ತಲೆಮಾರಿನ ಕಾರುಗಳಿಗೆ ಈ ವಿಷಯದಲ್ಲಿ ಕೆಟ್ಟ ಹೆಸರು ಬಂದು, 1991ರ ಕೊನೆಗೆ ಟೊಯೊಟಾ ಸಸ್ಪೆನ್ಶನ್ ಬದಲಿಸಿ ದೊಡ್ಡ ಚಕ್ರ ಕೊಟ್ಟಿತು. ತಿರುವಿಗೆ ಮುಂಚೆಯೇ ಬ್ರೇಕ್ ಹಾಕಿ ನಿಧಾನ ಮಾಡಿಕೊಳ್ಳಿ, ಒಳಗೆ ಹೋದ ಮೇಲೆ ಕಾಲು ಅಲುಗಾಡಿಸಬೇಡಿ.

ನಾನು ಇದನ್ನು ಮಳೆಯಲ್ಲಿ ಒಂದು ರೌಂಡಬೌಟಿನಲ್ಲಿ ಕಲಿತೆ. ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತ್ತು, ಎದುರಿನ ಬಸ್ ಡ್ರೈವರ್ ಕೈ ಬೀಸಿ ಹೋಗು ಅಂದ. ಮನೆಗೆ ಬಂದು ನೋಡಿದರೆ ಹಿಂದಿನ ಟೈರಿಗೆ ಹನ್ನೊಂದು ವರ್ಷ. ಟೈರಿನ ಬಟನ್ ಚೆನ್ನಾಗಿಯೇ ಇತ್ತು, ರಬ್ಬರ್ ಮಾತ್ರ ಕಲ್ಲಾಗಿತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಅಂದರೆ 2014ರ 23ನೇ ವಾರ. ನಾಲ್ಕೂ ಟೈರು ಒಂದೇ ಕಂಪನಿಯದಾ, ಹಿಂದಿನದು ಮುಂದಿನದಕ್ಕಿಂತ ಅಗಲವಾ ಅಂತಲೂ ನೋಡಿ (ಮೊದಲ ತಲೆಮಾರಿನಲ್ಲಿ ಮಾತ್ರ ನಾಲ್ಕೂ ಒಂದೇ ಅಳತೆ). ದೊಡ್ಡ ಚಕ್ರದ ಎರಡನೆಯದಕ್ಕೆ ಹಿಂದೆ ಬೇಕಾದ 225/50 ಆರ್15 ಅಳತೆಯಲ್ಲಿ ಒಳ್ಳೆಯ ಟೈರ್ ಹುಡುಕುವುದು ಈಗ ಕಷ್ಟ, ಟೈರಿನ ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಕಾಗದ ಪತ್ರ

ವಿ5ಸಿ ಅಂದರೆ ಇಲ್ಲಿನ ಆರ್‌ಸಿ ಬುಕ್. ಅದರಲ್ಲಿರುವ ಚಾಸಿ ನಂಬರ್ ಕಾರಿನ ಮೇಲಿನದಕ್ಕೆ ತಾಳೆ ನೋಡಿ. ಸಾಲ ಬಾಕಿ ಇದೆಯಾ, ಅಪಘಾತವಾಗಿ ಇನ್ಶೂರೆನ್ಸಿನವರು ಕೈಬಿಟ್ಟ ಕಾರಾ ಅಂತ ಸ್ವಲ್ಪ ದುಡ್ಡು ಕೊಟ್ಟು ಚೆಕ್ ಮಾಡಿಸಿ. ಕೊಂಡ ವಾರದಲ್ಲೇ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸಿ, ಹಿಂದಿನವರು ಈಗಷ್ಟೇ ಮಾಡಿಸಿದೆ ಅಂದಿದ್ದರೂ ಸರಿ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ವಾಪಸ್ ಹೋಗುವಾಗ ಬೆಂಗಳೂರಿಗೆ ತಗೊಂಡು ಹೋಗಬಹುದಾ? ಆಗಲ್ಲ. ಹಳೇ ಕಾರು ತರಿಸಿಕೊಳ್ಳಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು ಅನ್ನುವುದು ಭಾರತದ ನಿಯಮ. ಹೊರಡುವ ಮುಂಚೆ ಇಲ್ಲೇ ಇನ್ನೊಬ್ಬ ಹುಡುಗನಿಗೆ ಮಾರಿ ಹೋಗಿ. ನರಕದ ಹೋಸಿನ ಬಿಲ್ ಇದ್ದರೆ ಜೊತೆಗೆ ಕೊಡುವುದನ್ನು ಮರೆಯಬೇಡಿ.